ನಿಧಾನವಾದ ಲ್ಯಾಪ್‌ಟಾಪು ಯಾವುದಕ್ಕಾಗಿ ಕಾಯುತ್ತಿದೆ?

ಐದಾರು ವರ್ಷ ದುಡಿದ ಲ್ಯಾಪ್‌ಟಾಪು ಆನ್ ಆಗಲು ಮೂರು ನಾಲ್ಕು ನಿಮಿಷ ಹಿಡಿಯತೊಡಗಿದರೆ ಅದಕ್ಕೆ ವಯಸ್ಸಾಯಿತೆಂದು ತೀರ್ಮಾನಿಸಿ ಹೊಸದನ್ನು ಹುಡುಕಲು ಹೊರಡುವುದು ರೂಢಿ. ಈ ತೀರ್ಮಾನ ಬಹಳ ಸಲ ತಪ್ಪು ಎಂಬುದು ನನ್ನ ಅನುಭವ. ಪ್ರೊಸೆಸರಿಗೆ ಮನುಷ್ಯರಂತೆ ಮುಪ್ಪು ಬರುವುದಿಲ್ಲ. ಕೊಂಡ ದಿನ ಅದು ಸೆಕೆಂಡಿಗೆ ಎಷ್ಟು ಲೆಕ್ಕ ಮಾಡುತ್ತಿತ್ತೋ, ಬಿಸಿ ಏರದಂತೆ ನೋಡಿಕೊಂಡರೆ ಇಂದಿಗೂ ಹೆಚ್ಚುಕಡಿಮೆ ಅಷ್ಟೇ ಮಾಡುತ್ತದೆ. ಬದಲಾಗಿರುವುದು ಅದರ ಸುತ್ತಲಿನದು: ತಂತ್ರಾಂಶಗಳು ಭಾರವಾಗಿವೆ, ಡಿಸ್ಕು ತುಂಬಿದೆ, ಫ್ಯಾನಿನ ಗಾಳಿ ಹೋಗುವ ದಾರಿಯಲ್ಲಿ ಧೂಳು ಕೂತಿದೆ. ಹೀಗಾಗಿ ನಿಧಾನವಾದ ಯಂತ್ರವೆಂದರೆ ಬಹುಪಾಲು ಏನನ್ನೋ ಕಾಯುತ್ತ ಕುಳಿತ ಯಂತ್ರ. ಅದು ಡಿಸ್ಕಿಗಾಗಿ ಕಾಯುತ್ತಿದೆಯೋ, ರ‍್ಯಾಮಿನಲ್ಲಿ (ನಡೆಯುತ್ತಿರುವ ಕೆಲಸವನ್ನು ಇಟ್ಟುಕೊಳ್ಳುವ ತಾತ್ಕಾಲಿಕ ಮೆಮೊರಿಯಲ್ಲಿ) ಜಾಗ ಸಿಗಲೆಂದು ಕಾಯುತ್ತಿದೆಯೋ, ತಣ್ಣಗಾಗಲೆಂದು ಕಾಯುತ್ತಿದೆಯೋ ಎಂಬುದನ್ನು ಮೊದಲು ಕಂಡುಕೊಂಡರೆ, ಬದಲಿಸಬೇಕಾದದ್ದು ಸಾಮಾನ್ಯವಾಗಿ ಒಂದೋ ಎರಡೋ ಭಾಗ ಮಾತ್ರ ಎಂಬುದು ಗೊತ್ತಾಗುತ್ತದೆ. ಹಾಗೆ ಕಂಡುಕೊಳ್ಳುವ ಬಗೆಯನ್ನೂ, ಆಮೇಲೆ ಕೈಯಾರೆ ಸರಿಪಡಿಸುವ ಬಗೆಯನ್ನೂ ಇಲ್ಲಿ ವಿವರಿಸಿದ್ದೇನೆ. ವಿಂಡೋಸ್ ಇರುವ ಲ್ಯಾಪ್‌ಟಾಪನ್ನು ಉದಾಹರಣೆಯಾಗಿ ಇಟ್ಟುಕೊಂಡಿದ್ದರೂ ಯಂತ್ರದ ಒಳಗಿನ ಮಾತೆಲ್ಲ ಬೇರೆ ವ್ಯವಸ್ಥೆಗಳಿಗೂ ಅನ್ವಯಿಸುತ್ತದೆ.

ಬಿಚ್ಚುವ ಮೊದಲು ಅಳೆಯಿರಿ

ಲ್ಯಾಪ್‌ಟಾಪನ್ನು ಆನ್ ಮಾಡಿ ಹತ್ತು ನಿಮಿಷ ಸುಮ್ಮನೆ ಬಿಡಿ. ಆನ್ ಆದ ಕೂಡಲೇ ಅಪ್‌ಡೇಟ್ ಹುಡುಕುವುದು, ವೈರಸ್ ತಪಾಸಣೆ ಮಾಡುವುದು ಮುಂತಾದ ಹಿನ್ನೆಲೆಯ ಕೆಲಸಗಳು ಒಟ್ಟಿಗೆ ನಡೆಯುವುದರಿಂದ ಆ ಹೊತ್ತಿನ ಅಳತೆಯನ್ನು ನಂಬುವಂತಿಲ್ಲ. ಅನಂತರ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಈ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ, ಅದರಲ್ಲಿ ‘ಪರ್ಫಾರ್ಮೆನ್ಸ್’ ಪುಟಕ್ಕೆ ಹೋಗಿ. ಆ ಕಿಟಕಿಯನ್ನು ತೆರೆದಿಟ್ಟುಕೊಂಡೇ ನೀವು ದಿನವೂ ಮಾಡುವ ಕೆಲಸವನ್ನು ಮಾಡಿ: ಬ್ರೌಸರಿನಲ್ಲಿ ಎಂಟು ಹತ್ತು ಟ್ಯಾಬ್ ತೆರೆಯಿರಿ, ಒಂದು ದೊಡ್ಡ ಕಡತ ತೆರೆಯಿರಿ, ಒಂದು ವಿಡಿಯೊ ಹಾಕಿ. ಎಲ್ಲಿ ತಡವಾಗುತ್ತದೆಯೋ ಆ ಗಳಿಗೆಯಲ್ಲಿ ಯಾವ ಅಂಕಿ ಮೇಲೇರಿದೆ ಎಂಬುದನ್ನು ಗಮನಿಸಿ ಕಾಗದದ ಮೇಲೆ ಬರೆದಿಟ್ಟುಕೊಳ್ಳಿ. ಕಾಗದ ಯಾಕೆಂದರೆ, ದುರಸ್ತಿಯ ನಂತರ ಇದೇ ಅಂಕಿಗಳ ಜೊತೆ ಹೋಲಿಸಿ ನೋಡಬೇಕಾಗುತ್ತದೆ.

ಡಿಸ್ಕಿನ ಅಂಕಿ ಶೇಕಡಾ 100ಕ್ಕೆ ಏರಿ ಅಲ್ಲೇ ನಿಂತಿದ್ದು, ಅದೇ ಹೊತ್ತಿಗೆ ಓದುವ ವೇಗ ಸೆಕೆಂಡಿಗೆ ಒಂದೆರಡು ಮೆಗಾಬೈಟ್ ಮಾತ್ರ ಇದ್ದರೆ, ನಿಮ್ಮ ಯಂತ್ರ ಹಾರ್ಡ್ ಡಿಸ್ಕಿಗಾಗಿ ಕಾಯುತ್ತಿದೆ. ಮೆಮೊರಿಯ ಅಂಕಿ ಶೇಕಡಾ 90ನ್ನು ದಾಟಿ, ಒಂದು ಟ್ಯಾಬಿನಿಂದ ಇನ್ನೊಂದಕ್ಕೆ ಹೋದಾಗಲೆಲ್ಲ ಡಿಸ್ಕಿನ ಗೆರೆಯೂ ಜೊತೆಗೇ ಜಿಗಿಯುತ್ತಿದ್ದರೆ ರ‍್ಯಾಮ್ ಸಾಲುತ್ತಿಲ್ಲ, ಅದರಲ್ಲಿ ಹಿಡಿಸದ್ದನ್ನು ವ್ಯವಸ್ಥೆಯು ಡಿಸ್ಕಿಗೆ ಸಾಗಿಸಿ ಮತ್ತೆ ತರುತ್ತಿದೆ ಎಂದರ್ಥ. ಸಿಪಿಯು, ಅಂದರೆ ಪ್ರೊಸೆಸರು, ಶೇಕಡಾ 100 ಇದ್ದರೆ ಯಾವ ತಂತ್ರಾಂಶ ಅದನ್ನು ಹಿಡಿದಿದೆ ಎಂದು ‘ಪ್ರೊಸೆಸಸ್’ ಪುಟದಲ್ಲಿ ನೋಡಿ. ಇವೆಲ್ಲವೂ ಶಾಂತವಾಗಿದ್ದು ಜಾಲತಾಣಗಳು ಮಾತ್ರ ನಿಧಾನವಾಗಿ ತೆರೆದುಕೊಳ್ಳುತ್ತಿದ್ದರೆ ತಪ್ಪು ಲ್ಯಾಪ್‌ಟಾಪಿನದಲ್ಲ. ರೂಟರಿನ ಹತ್ತಿರ ಕುಳಿತು ನೋಡಿ, ಅಥವಾ 2.4 ಗಿಗಾಹರ್ಟ್ಸ್ ಬದಲು 5 ಗಿಗಾಹರ್ಟ್ಸ್ ವೈಫೈಗೆ ಸೇರಿಸಿ ನೋಡಿ.

ಇನ್ನೊಂದು ಅಂಕಿಯನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ. ಸಿಪಿಯು ಪುಟದಲ್ಲಿ ಪ್ರೊಸೆಸರಿನ ಮೂಲ ವೇಗವೂ ಆ ಕ್ಷಣದ ವೇಗವೂ ಎರಡೂ ಕಾಣುತ್ತವೆ. ಮೂಲ ವೇಗ 1.8 ಗಿಗಾಹರ್ಟ್ಸ್ ಇರುವ ಪ್ರೊಸೆಸರು ಮೈತುಂಬ ಕೆಲಸವಿರುವಾಗಲೂ 0.8ಕ್ಕೆ ಅಂಟಿಕೊಂಡಿದ್ದರೆ ಅದನ್ನು ಯಾರೋ ಹಿಡಿದು ನಿಲ್ಲಿಸಿದ್ದಾರೆ. ಹಿಡಿದಿರುವುದು ಬಿಸಿ ಇರಬಹುದು, ಅಥವಾ ಚಾರ್ಜರ್ ಇರಬಹುದು. ತನ್ನದಲ್ಲದ ಅಥವಾ ಕಡಿಮೆ ವ್ಯಾಟಿನ ಚಾರ್ಜರನ್ನು ಚುಚ್ಚಿದಾಗ ಕೆಲವು ಲ್ಯಾಪ್‌ಟಾಪುಗಳು ಸುರಕ್ಷತೆಗಾಗಿ ತಮ್ಮ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ನನ್ನ ಲ್ಯಾಪ್‌ಟಾಪು ಹೀಗೆ ತೆವಳುತ್ತಿದ್ದಾಗ ದುರಸ್ತಿಗೆ ಕೊಟ್ಟಿದ್ದೆ. ಮದರ್‌ಬೋರ್ಡ್ (ಭಾಗಗಳೆಲ್ಲ ಜೋಡಣೆಯಾಗುವ ಮುಖ್ಯ ಫಲಕ) ಹೋಗಿದೆ, ಬದಲಿಸಬೇಕು ಎಂಬ ಉತ್ತರ ಬಂತು. ಒಪ್ಪದೆ ವಾಪಸು ತಂದು, ಯಂತ್ರದ ಜೊತೆಗೆ ಬಂದಿದ್ದ ಮೂಲ ಚಾರ್ಜರನ್ನು ಹುಡುಕಿ ಚುಚ್ಚಿದಾಗ ವೇಗ ಎರಡು ಸೆಕೆಂಡಿನಲ್ಲಿ ಮೊದಲಿನಂತಾಯಿತು. ಅಂದಿನಿಂದ ಅಳೆಯದೆ ಯಾವುದನ್ನೂ ಬದಲಿಸಬಾರದೆಂಬ ಪಟ್ಟು ನನ್ನದು.

ಖರ್ಚಿಲ್ಲದ ಒಂದು ಕೆಲಸವನ್ನೂ ಇಲ್ಲೇ ಮುಗಿಸಿಬಿಡಿ. ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟ್‌ಅಪ್’ ಪುಟದಲ್ಲಿ, ಯಂತ್ರ ಆನ್ ಆಗುವಾಗಲೇ ತಾವೂ ಎದ್ದು ಕೂರುವ ತಂತ್ರಾಂಶಗಳ ಪಟ್ಟಿ ಇರುತ್ತದೆ. ಆಟಗಳ ಲಾಂಚರ್, ಸಂಗೀತದ ಆ್ಯಪ್, ಪ್ರಿಂಟರಿನ ಸಹಾಯಕ ಇಂಥವನ್ನೆಲ್ಲ ಡಿಸೇಬಲ್ ಮಾಡಿದರೆ ಏನೂ ಕೆಡುವುದಿಲ್ಲ, ಬೇಕೆಂದಾಗ ಅವನ್ನು ನೀವೇ ತೆರೆಯಬಹುದು. ಆಂಟಿವೈರಸ್ಸನ್ನೂ ಟಚ್‌ಪ್ಯಾಡ್, ಧ್ವನಿ ಇವುಗಳ ಚಾಲಕ ತಂತ್ರಾಂಶಗಳನ್ನೂ ಮುಟ್ಟಬೇಡಿ.

ಹಾರ್ಡ್ ಡಿಸ್ಕ್ ಇದ್ದರೆ ಬೇರೆ ಯೋಚನೆ ಬೇಡ

ಪರ್ಫಾರ್ಮೆನ್ಸ್ ಪುಟದಲ್ಲಿ ಡಿಸ್ಕಿನ ಹೆಸರಿನ ಕೆಳಗೆ ‘ಎಚ್‌ಡಿಡಿ’ ಎಂದು ಕಾಣುತ್ತಿದ್ದರೆ, ಉಳಿದೆಲ್ಲ ಸಲಹೆಗಳಿಗಿಂತ ಮೊದಲು ಅದನ್ನು ತೆಗೆದು ಎಸ್‌ಎಸ್‌ಡಿ (ಚಿಪ್ಪುಗಳಲ್ಲೇ ಮಾಹಿತಿ ಇಡುವ ಡಿಸ್ಕು) ಹಾಕಿಸಿ ಎಂದು ನಾನು ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ. ಇದರ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು, ಏಕೆಂದರೆ ಕಾರಣ ತಿಳಿದವರು ಪೆಟ್ಟಿಗೆಯ ಮೇಲೆ ಮುದ್ರಿಸಿದ ದೊಡ್ಡ ದೊಡ್ಡ ಅಂಕಿಗಳಿಗೆ ಮರುಳಾಗುವುದಿಲ್ಲ.

ಹಾರ್ಡ್ ಡಿಸ್ಕಿನೊಳಗೆ ತಟ್ಟೆಯೊಂದು ತಿರುಗುತ್ತಿರುತ್ತದೆ, ಅದರ ಮೇಲೆ ಓದುವ ತಲೆಯೊಂದು ಗ್ರಾಮಫೋನಿನ ಕೈಯಂತೆ ಹಿಂದೆ ಮುಂದೆ ಸರಿಯುತ್ತಿರುತ್ತದೆ. 1956ರಲ್ಲಿ ಐಬಿಎಂ ಹೊರತಂದ ಮೊದಲ ಡಿಸ್ಕು 24 ಇಂಚು ಅಗಲದ 50 ತಟ್ಟೆಗಳ ದೊಡ್ಡ ಕಪಾಟಿನಂತಿತ್ತು. ಇಂದಿನದು ಅಂಗೈಯಲ್ಲಿ ಹಿಡಿಸುತ್ತದೆ, ಆದರೆ ತಿರುಗುವ ತಟ್ಟೆ, ಸರಿಯುವ ತಲೆ ಎಂಬ ತತ್ವ ಹಾಗೆಯೇ ಉಳಿದಿದೆ. ಲ್ಯಾಪ್‌ಟಾಪಿನ ಡಿಸ್ಕು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಒಂದು ಸುತ್ತಿಗೆ 11 ಮಿಲಿಸೆಕೆಂಡ್. ಬೇಕಾದ ಮಾಹಿತಿ ತಲೆಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಅದಕ್ಕೂ ಮುಂಚೆ ತಲೆ ಸರಿಯಾದ ಜಾಡಿಗೆ ಹೋಗಿ ನಿಲ್ಲಲು ಇನ್ನೂ ಹತ್ತು ಹದಿನೈದು ಮಿಲಿಸೆಕೆಂಡ್ ಬೇಕು. ಹೀಗಾಗಿ ಅಲ್ಲೊಂದು ಇಲ್ಲೊಂದು ಚದುರಿರುವ ಸಣ್ಣ ಕಡತಗಳನ್ನು ಹಾರ್ಡ್ ಡಿಸ್ಕು ಸೆಕೆಂಡಿಗೆ ಅರವತ್ತರ ಆಸುಪಾಸಿನಲ್ಲಿ ಮಾತ್ರ ಓದಬಲ್ಲದು. ವಿಂಡೋಸ್ ಏಳುವಾಗ ಓದಬೇಕಾದದ್ದು ಇಂಥ ಸಾವಿರಾರು ತುಣುಕುಗಳನ್ನು. ಎಸ್‌ಎಸ್‌ಡಿಯಲ್ಲಿ ತಿರುಗುವುದೂ ಇಲ್ಲ, ಸರಿಯುವುದೂ ಇಲ್ಲ. ಯಾವ ಮೂಲೆಯ ಮಾಹಿತಿಯಾದರೂ ಸುಮಾರು 0.1 ಮಿಲಿಸೆಕೆಂಡಿನಲ್ಲಿ ಕೈಗೆ ಬರುತ್ತದೆ. ನೂರು ಪಟ್ಟಿಗೂ ಮೀರಿದ ಈ ಅಂತರವೇ ನಾಲ್ಕು ನಿಮಿಷದ ಕಾಯುವಿಕೆಯನ್ನು ಅರ್ಧ ನಿಮಿಷದೊಳಕ್ಕೆ ಇಳಿಸುವುದು.

ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಮಾರುಕಟ್ಟೆಯ ಅಂಕಿಗಳನ್ನು ನೋಡಿ. ಡಿಸ್ಕನ್ನು ಯಂತ್ರಕ್ಕೆ ಜೋಡಿಸುವ ಬಗೆಗಳಲ್ಲಿ ಸಾಟಾ ಹಳೆಯದು, ಎನ್‌ವಿಎಂಇ ಹೊಸದು. ಸಾಟಾ ಸಂಪರ್ಕದ ಎಸ್‌ಎಸ್‌ಡಿ ಸೆಕೆಂಡಿಗೆ ಹೆಚ್ಚೆಂದರೆ 550 ಮೆಗಾಬೈಟ್ ಓದುತ್ತದೆ, ಎನ್‌ವಿಎಂಇ ಸಂಪರ್ಕದ್ದು 3500, ಅದರ ಮುಂದಿನ ಪೀಳಿಗೆಯದು 7000 ಎಂದು ಬರೆದಿರುತ್ತದೆ. ಇವೆಲ್ಲ ಒಂದೇ ದೊಡ್ಡ ಕಡತವನ್ನು ಒಂದೇ ಸಮನೆ ಓದುವಾಗಿನ ವೇಗಗಳು. ವಿಡಿಯೊ ಸಂಕಲನ ಮಾಡುವವರಿಗೆ ಈ ವ್ಯತ್ಯಾಸ ಬೇಕು. ಪತ್ರ ಬರೆಯುವ, ಲೆಕ್ಕ ಇಡುವ, ಜಾಲತಾಣ ನೋಡುವ ಕೆಲಸದಲ್ಲಿ ಹಾರ್ಡ್ ಡಿಸ್ಕಿನಿಂದ ಸಾಟಾ ಎಸ್‌ಎಸ್‌ಡಿಗೆ ಬಂದಾಗ ಆಗುವ ಬದಲಾವಣೆ ಬೆಟ್ಟದಷ್ಟಾದರೆ, ಸಾಟಾದಿಂದ ಎನ್‌ವಿಎಂಇಗೆ ಹೋದಾಗ ಆಗುವುದು ಗುಡ್ಡದಷ್ಟೂ ಅಲ್ಲ. ನಿಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ಸಾಟಾ ಜಾಗ ಮಾತ್ರ ಇದ್ದರೆ ಕೊರಗಬೇಕಾದ ಅಗತ್ಯವೇ ಇಲ್ಲ.

ಕೊಳ್ಳುವ ಮೊದಲು ಆಕಾರವನ್ನು ಖಚಿತಪಡಿಸಿಕೊಳ್ಳಿ. ಹಾರ್ಡ್ ಡಿಸ್ಕಿನ ಜಾಗಕ್ಕೆ ನೇರವಾಗಿ ಹೋಗುವುದು 2.5 ಇಂಚಿನ, 7 ಮಿಲಿಮೀಟರ್ ದಪ್ಪದ ಸಾಟಾ ಎಸ್‌ಎಸ್‌ಡಿ. ಹಳೆಯ ಡಿಸ್ಕು 9.5 ಮಿಲಿಮೀಟರ್ ದಪ್ಪದ್ದಾಗಿದ್ದರೆ ಹೊಸದು ಅಲ್ಲಾಡಬಹುದು, ಪ್ಲಾಸ್ಟಿಕ್ ಚೌಕಟ್ಟೊಂದನ್ನು ಜೊತೆಗೆ ಇಟ್ಟರೆ ಸರಿಹೋಗುತ್ತದೆ. ಎಂ.2 ಸ್ಲಾಟ್, ಅಂದರೆ ತೆಳು ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಜಾಗ, ಇದ್ದರೆ ಹೆಚ್ಚು ಎಚ್ಚರ ಬೇಕು. ಅದರಲ್ಲಿ 2280 ಎಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. 2242 ಅದರ ಅರ್ಧಕ್ಕಿಂತ ಸ್ವಲ್ಪ ಉದ್ದ. ಇದಕ್ಕಿಂತ ದೊಡ್ಡ ತೊಡಕೆಂದರೆ, ನೋಡಲು ಒಂದೇ ರೀತಿ ಇರುವ ಎಂ.2 ಪಟ್ಟಿಗಳಲ್ಲಿ ಕೆಲವು ಸಾಟಾ ಭಾಷೆಯನ್ನೂ ಕೆಲವು ಎನ್‌ವಿಎಂಇ ಭಾಷೆಯನ್ನೂ ಆಡುತ್ತವೆ, ಹಳೆಯ ಯಂತ್ರಗಳ ಸ್ಲಾಟುಗಳಿಗೆ ಹಲವು ಸಲ ಒಂದು ಮಾತ್ರ ಅರ್ಥವಾಗುತ್ತದೆ. ಯಂತ್ರದ ತಳದಲ್ಲಿರುವ ಮಾಡೆಲ್ ಸಂಖ್ಯೆಯನ್ನು ಬಳಸಿ ತಯಾರಕರ ಸರ್ವಿಸ್ ಕೈಪಿಡಿಯನ್ನು ಹುಡುಕಿ ಓದದೆ ಎಂ.2 ಎಸ್‌ಎಸ್‌ಡಿ ಕೊಳ್ಳಬೇಡಿ. ಎಷ್ಟು ಗಾತ್ರ ಬೇಕೆಂಬುದಕ್ಕೆ ನನ್ನ ಅಳತೆ ಸುಲಭ: ಈಗ ಬಳಸಿರುವ ಜಾಗದ ಎರಡರಷ್ಟು. 500 ಗಿಗಾಬೈಟಿನದನ್ನು ಹಾಕಿದಾಗ ವಿಂಡೋಸ್ 465 ಎಂದು ತೋರಿಸಿದರೆ ಮೋಸವಾಯಿತೆಂದು ತಿಳಿಯಬೇಡಿ; ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ.

ಬ್ಯಾಕಪ್, ಮತ್ತು ಒಂದು ಕೀಲಿ

ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುನ್ನ ನಿಮ್ಮ ಕಡತಗಳೆಲ್ಲ ಬೇರೊಂದು ಡಿಸ್ಕಿನಲ್ಲಿ ಇರಲೇಬೇಕು. ಹಳೆಯ ಡಿಸ್ಕಿನ ಆರೋಗ್ಯವನ್ನು ಕ್ರಿಸ್ಟಲ್‌ಡಿಸ್ಕ್‌ಇನ್ಫೋದಂಥ ಉಚಿತ ತಂತ್ರಾಂಶದಲ್ಲಿ ಮೊದಲು ನೋಡಿ. ಅದರ ಪಟ್ಟಿಯಲ್ಲಿ 05 ಮತ್ತು ಸಿ5 ಎಂಬ ಎರಡು ಸಾಲುಗಳು ಮುಖ್ಯ. ಮೊದಲನೆಯದು ಕೆಟ್ಟುಹೋಗಿ ಬದಲಿ ಜಾಗ ಕೊಡಲಾದ ಸೆಕ್ಟರುಗಳ, ಅಂದರೆ ಡಿಸ್ಕಿನ ಸಣ್ಣ ತುಂಡುಗಳ, ಲೆಕ್ಕ, ಎರಡನೆಯದು ಓದಲು ಕಷ್ಟವಾಗಿ ತೀರ್ಮಾನಕ್ಕೆ ಕಾದಿರುವವುಗಳ ಲೆಕ್ಕ. ಇವು ಸೊನ್ನೆಗಿಂತ ಹೆಚ್ಚಿದ್ದು ದಿನದಿಂದ ದಿನಕ್ಕೆ ಏರುತ್ತಿದ್ದರೆ, ಅಥವಾ ಡಿಸ್ಕಿಗೆ ಕಿವಿಗೊಟ್ಟಾಗ ಟಿಕ್, ಟಿಕ್ ಎಂದು ಒಂದೇ ಅಂತರದಲ್ಲಿ ಸದ್ದು ಕೇಳುತ್ತಿದ್ದರೆ, ಅದು ಯಾವಾಗ ಬೇಕಾದರೂ ನಿಲ್ಲಬಹುದು. ಅಂಥ ಡಿಸ್ಕಿನ ಮೇಲೆ ಡಿಫ್ರ್ಯಾಗ್ (ಚದುರಿದ ಕಡತಗಳನ್ನು ಒಟ್ಟುಗೂಡಿಸುವ ಕೆಲಸ), ದೀರ್ಘ ತಪಾಸಣೆ ಇತ್ಯಾದಿ ಏನನ್ನೂ ಓಡಿಸದೆ, ಮೊದಲು ಫೋಟೊ ಮತ್ತು ದಾಖಲೆಗಳು, ಆಮೇಲೆ ಉಳಿದವು ಎಂಬ ಕ್ರಮದಲ್ಲಿ ನಕಲು ಮಾಡಿಕೊಳ್ಳಿ. ನಕಲು ಮುಗಿದ ಮೇಲೆ ಬೇರೆ ಕಂಪ್ಯೂಟರಿನಲ್ಲಿ ಆ ಡಿಸ್ಕನ್ನು ಚುಚ್ಚಿ ಹತ್ತಾರು ಕಡತಗಳನ್ನು ತೆರೆದು ನೋಡಬೇಕು. ತೆರೆದು ನೋಡದ ಬ್ಯಾಕಪ್ಪನ್ನು ಬ್ಯಾಕಪ್ ಎಂದು ಲೆಕ್ಕಕ್ಕೆ ಹಿಡಿಯಬಾರದು.

ಕೀಲಿಯ ವಿಷಯ ಇದಕ್ಕಿಂತ ಸಣ್ಣದಾಗಿ ಕಂಡರೂ ಕಣ್ಣೀರು ತರಿಸಿದ್ದು ಹೆಚ್ಚು. ಹಲವು ಲ್ಯಾಪ್‌ಟಾಪುಗಳಲ್ಲಿ ಬಿಟ್‌ಲಾಕರ್ ಎಂಬ ಗೂಢಲಿಪೀಕರಣ ಮಾಲೀಕರಿಗೆ ಗೊತ್ತಿಲ್ಲದೆಯೇ ಆನ್ ಆಗಿರುತ್ತದೆ. ಯಂತ್ರದ ಭಾಗಗಳನ್ನೋ ಬಯಾಸ್ (ಯಂತ್ರ ಆನ್ ಆದಾಗ ವಿಂಡೋಸಿಗಿಂತ ಮೊದಲು ಓಡುವ ತಂತ್ರಾಂಶ) ಸೆಟ್ಟಿಂಗನ್ನೋ ಬದಲಿಸಿದಾಗ ಅದು 48 ಅಂಕಿಗಳ ರಿಕವರಿ ಕೀಲಿಯನ್ನು ಕೇಳಬಹುದು, ಕೀಲಿ ಇಲ್ಲದಿದ್ದರೆ ಡಿಸ್ಕಿನಲ್ಲಿರುವುದನ್ನು ಯಾರೂ ತೆಗೆದುಕೊಡಲಾರರು. ಸೆಟ್ಟಿಂಗ್ಸಿನಲ್ಲಿ ಬಿಟ್‌ಲಾಕರ್ ಅಥವಾ ‘ಡಿವೈಸ್ ಎನ್‌ಕ್ರಿಪ್ಶನ್’ ಆನ್ ಆಗಿದೆಯೇ ನೋಡಿ, ಆಗಿದ್ದರೆ ಆ ಕೀಲಿಯನ್ನು ಕಾಗದದ ಮೇಲೆ ಬರೆದು ಲ್ಯಾಪ್‌ಟಾಪಿನಿಂದ ದೂರ ಇಡಿ.

ಬಿಚ್ಚುವಾಗ

ಬೇಕಾದ ಸಲಕರಣೆಗಳು ಕೆಲವೇ: ಸಣ್ಣ ನಕ್ಷತ್ರದ ತುದಿಯ ಸ್ಕ್ರೂಡ್ರೈವರ್, ಕೆಲವು ಮಾಡೆಲುಗಳಿಗೆ ಟಿ5 ಎಂಬ ಆರು ಮೂಲೆಯದು, ಅಂಚುಗಳನ್ನು ಎಬ್ಬಿಸಲು ಬಳಸಿ ಬಿಟ್ಟ ಪ್ಲಾಸ್ಟಿಕ್ ಕಾರ್ಡು, ಮತ್ತು ಒಂದು ದೊಡ್ಡ ಬಿಳಿ ಹಾಳೆ. ಹಾಳೆಯ ಮೇಲೆ ಲ್ಯಾಪ್‌ಟಾಪಿನ ತಳದ ಚಿತ್ರವನ್ನು ಒರಟಾಗಿ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅದನ್ನು ಚಿತ್ರದಲ್ಲಿ ಅದೇ ಜಾಗಕ್ಕೆ ಟೇಪಿನಿಂದ ಅಂಟಿಸಿ. ಈ ಹಾಳೆಯನ್ನು ಅನಾವಶ್ಯಕ ಎನ್ನಬೇಡಿ. ತಳದ ಸ್ಕ್ರೂಗಳು ನೋಡಲು ಒಂದೇ ಥರ ಇದ್ದರೂ ಹಿಂದಿನ ಸಾಲಿನವು ಎಂಟು ಮಿಲಿಮೀಟರ್, ಮುಂದಿನ ಸಾಲಿನವು ಮೂರು ನಾಲ್ಕು ಮಿಲಿಮೀಟರ್ ಇರುವುದುಂಟು. ಒಮ್ಮೆ ನಾನು ಉದ್ದದ ಸ್ಕ್ರೂವನ್ನು ಮುಂದಿನ ತೂತಿಗೆ ಹಾಕಿ, ಕೊನೆಯಲ್ಲಿ ಸ್ವಲ್ಪ ಬಿಗಿ ಎನಿಸಿದರೂ ಇನ್ನೊಂದು ಸುತ್ತು ತಿರುಗಿಸಿದೆ. ಯಂತ್ರವನ್ನು ಮಗುಚಿ ನೋಡಿದಾಗ ಅಂಗೈ ಊರುವ ಜಾಗದಲ್ಲಿ ಪ್ಲಾಸ್ಟಿಕ್ಕು ಬಿಳಿಚಿಕೊಂಡು ಗುಳ್ಳೆಯಂತೆ ಉಬ್ಬಿತ್ತು. ಆ ಗುಳ್ಳೆ ಇಂದಿಗೂ ನನ್ನ ಬೆರಳಿಗೆ ತಾಗುತ್ತದೆ. ಬಿಗಿ ಎನಿಸಿದ ಕೂಡಲೇ ನಿಲ್ಲಿಸಿ, ಸ್ಕ್ರೂ ತೆಗೆದು ಉದ್ದ ನೋಡಿ.

ಯಂತ್ರವನ್ನು ಪೂರ್ತಿ ಶಟ್‌ಡೌನ್ ಮಾಡಿ, ಚಾರ್ಜರ್ ತೆಗೆಯಿರಿ. ಸ್ಕ್ರೂಗಳೆಲ್ಲ ಹೊರಬಂದ ಮೇಲೂ ಮುಚ್ಚಳ ಬರದಿದ್ದರೆ ಬಲ ಹಾಕುವ ಮುನ್ನ ರಬ್ಬರ್ ಪಾದಗಳ ಕೆಳಗೆ ನೋಡಿ, ಅಲ್ಲಿ ಒಂದೆರಡು ಅಡಗಿರುತ್ತವೆ. ಕಾರ್ಡನ್ನು ಅಂಚಿನ ಸೀಳಿನಲ್ಲಿ ತೂರಿಸಿ ಮೆಲ್ಲಗೆ ಎಬ್ಬಿಸುತ್ತ ಹೋದರೆ ಹಿಡಿಕೆಗಳು ಒಂದೊಂದಾಗಿ ಟಕ್ ಎಂದು ಬಿಡುತ್ತವೆ. ಒಳಗೆ ಮೊದಲು ಮಾಡಬೇಕಾದ ಕೆಲಸ ಬ್ಯಾಟರಿಯ ಕನೆಕ್ಟರನ್ನು ಮದರ್‌ಬೋರ್ಡಿನಿಂದ ಬಿಡಿಸುವುದು; ತಂತಿಯನ್ನು ಎಳೆಯಬಾರದು, ಕನೆಕ್ಟರಿನ ಎರಡೂ ಕಿವಿಗಳನ್ನು ಉಗುರಿನಿಂದ ಸರದಿಯಂತೆ ಹಿಂದಕ್ಕೆ ತಳ್ಳಬೇಕು. ಬಿಡಿಸಿದ ಮೇಲೆ ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದರೆ ಉಳಿದ ಕರೆಂಟೂ ಖಾಲಿಯಾಗುತ್ತದೆ. ಮೈಯಲ್ಲಿ ಸೇರಿಕೊಂಡಿರುವ ಸ್ಥಿರ ವಿದ್ಯುತ್ತು ನಮಗೆ ಚುರುಕ್ ಎನಿಸುವಷ್ಟು ಇಲ್ಲದಿದ್ದರೂ ಚಿಪ್ಪನ್ನು ಕೆಡಿಸಬಲ್ಲದು, ಆದ್ದರಿಂದ ಕೆಲಸದ ನಡುವೆ ಆಗಾಗ ಬಣ್ಣ ಬಳಿಯದ, ನೆಲಕ್ಕೆ ತಾಗಿದ ಲೋಹದ ವಸ್ತುವನ್ನು ಮುಟ್ಟುತ್ತಿರಿ, ಭಾಗಗಳನ್ನು ಅಂಚಿನಲ್ಲಿ ಮಾತ್ರ ಹಿಡಿಯಿರಿ. ಚಪ್ಪಟೆ ಪಟ್ಟಿಯಂಥ ಕೇಬಲುಗಳನ್ನು ಬಿಡಿಸಬೇಕಾದರೆ ಅವುಗಳ ಬಾಯಿಯಲ್ಲಿ ಕೂದಲೆಳೆಯಷ್ಟು ತೆಳುವಾದ ಕಪ್ಪು ಅಥವಾ ಬಿಳಿ ಚಿಲಕವಿರುತ್ತದೆ. ಅದನ್ನು ಎತ್ತಿದರೆ ಕೇಬಲು ತಾನಾಗಿ ಜಾರುತ್ತದೆ. ಎತ್ತದೆ ಎಳೆದರೆ ಕೀಬೋರ್ಡೇ ಸತ್ತುಹೋಗುತ್ತದೆ.

ರ‍್ಯಾಮ್

ಮುಚ್ಚಳ ತೆಗೆಯದೆಯೂ ರ‍್ಯಾಮಿನ ಬಗ್ಗೆ ಬಹಳಷ್ಟು ತಿಳಿಯಬಹುದು. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದ ಕೆಳಭಾಗದಲ್ಲಿ ಎಷ್ಟು ಸ್ಲಾಟುಗಳಿವೆ, ಎಷ್ಟು ಬಳಕೆಯಲ್ಲಿವೆ ಎಂಬುದೂ, ‘ಫಾರ್ಮ್ ಫ್ಯಾಕ್ಟರ್’ ಎಂಬ ಸಾಲೂ ಇರುತ್ತದೆ. ಅಲ್ಲಿ ‘ಎಸ್‌ಒಡಿಐಎಂಎಂ’ ಎಂದಿದ್ದರೆ ರ‍್ಯಾಮ್ ತೆಗೆದು ಹಾಕುವಂಥದ್ದು. ‘ರೋ ಆಫ್ ಚಿಪ್ಸ್’ ಎಂದಿದ್ದರೆ ಅದು ಬೋರ್ಡಿಗೇ ಬೆಸುಗೆಯಾಗಿದೆ, ಹೆಚ್ಚಿಸುವ ದಾರಿ ಬೇರೊಂದು ಖಾಲಿ ಸ್ಲಾಟ್ ಇದ್ದರೆ ಮಾತ್ರ ಉಂಟು.

4 ಗಿಗಾಬೈಟ್ ಇರುವ ಯಂತ್ರದಲ್ಲಿ ಇಂದಿನ ಬ್ರೌಸರು ನೆಮ್ಮದಿಯಾಗಿ ಓಡುವುದಿಲ್ಲ. 8 ಸಾಕಾಗುತ್ತದೆ, 16 ಇದ್ದರೆ ಮುಂದಿನ ಕೆಲವು ವರ್ಷ ಆ ಕಡೆ ತಿರುಗಿ ನೋಡಬೇಕಿಲ್ಲ. ಅದಕ್ಕಿಂತ ಹೆಚ್ಚು ಹಾಕುವುದರಿಂದ ಸಾಮಾನ್ಯ ಕೆಲಸ ಒಂದಿಷ್ಟೂ ಚುರುಕಾಗುವುದಿಲ್ಲ, ಏಕೆಂದರೆ ಬಳಸದೆ ಉಳಿದ ರ‍್ಯಾಮಿಗೆ ವೇಗ ಹೆಚ್ಚಿಸುವ ಶಕ್ತಿ ಅಷ್ಟಾಗಿ ಇಲ್ಲ. ರ‍್ಯಾಮಿನ ಪೀಳಿಗೆಗಳಾದ ಡಿಡಿಆರ್3, ಡಿಡಿಆರ್4, ಡಿಡಿಆರ್5 ಒಂದರ ಜಾಗಕ್ಕೆ ಇನ್ನೊಂದು ಕೂರುವುದಿಲ್ಲ. ಲ್ಯಾಪ್‌ಟಾಪಿನ ರ‍್ಯಾಮ್ ಪಟ್ಟಿಗಳಲ್ಲಿ ಅವುಗಳ ಪಿನ್ನುಗಳು ಕ್ರಮವಾಗಿ 204, 260, 262 ಇದ್ದು, ಕೆಳಗಿನ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ. ಡಿಡಿಆರ್3ರಲ್ಲಿ ಮಾತ್ರ ಇನ್ನೊಂದು ಸೂಕ್ಷ್ಮವಿದೆ: 1.35 ವೋಲ್ಟಿನ ಡಿಡಿಆರ್3ಎಲ್ ಬೇಡುವ ಯಂತ್ರದಲ್ಲಿ 1.5 ವೋಲ್ಟಿನ ಹಳೆಯ ಪಟ್ಟಿ ಹೊಂದಿ ಕುಳಿತರೂ ಕೆಲಸ ಮಾಡುವುದಿಲ್ಲ. ಎರಡು ಸ್ಲಾಟುಗಳಿದ್ದರೆ 8 ಗಿಗಾಬೈಟಿನ ಒಂದೇ ಪಟ್ಟಿಗಿಂತ 4ರ ಎರಡು ಪಟ್ಟಿಗಳು ಮೇಲು. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಇರುವ ಯಂತ್ರಗಳಲ್ಲಿ ಎರಡು ದಾರಿಗಳಿಂದ ಮಾಹಿತಿ ಹರಿಯುವುದರ ಲಾಭ ಕಣ್ಣಿಗೇ ಕಾಣುತ್ತದೆ.

ಪಟ್ಟಿಯನ್ನು ಓರೆಯಾಗಿ, ಬಂಗಾರದ ಬಣ್ಣದ ಅಂಚು ಹೆಚ್ಚುಕಡಿಮೆ ಕಾಣದಷ್ಟು ಒಳಕ್ಕೆ ತೂರಿಸಿ, ಆಮೇಲೆ ಕೆಳಕ್ಕೆ ಒತ್ತಿ. ಎರಡೂ ಬದಿಯ ಲೋಹದ ಕೊಂಡಿಗಳು ಒಟ್ಟಿಗೆ ಹಿಡಿದುಕೊಂಡ ಸದ್ದು ಕೇಳಬೇಕು. ಹೊಸ ರ‍್ಯಾಮ್ ಹಾಕಿದ ಮೇಲೆ ಮೊದಲ ಸಲ ಆನ್ ಮಾಡಿದಾಗ ಪರದೆ ಒಂದೆರಡು ನಿಮಿಷ ಕಪ್ಪಾಗಿಯೇ ಇರಬಹುದು, ಗಾಬರಿಯಿಂದ ಪವರ್ ಬಟನ್ ಒತ್ತಬೇಡಿ. ಯಂತ್ರ ಹೊಸ ಪಟ್ಟಿಯ ಗುಣವನ್ನು ಪರೀಕ್ಷಿಸಿಕೊಳ್ಳುತ್ತಿರುತ್ತದೆ.

ಧೂಳು ಮತ್ತು ಬಿಸಿ

ಬಹುತೇಕ ಲ್ಯಾಪ್‌ಟಾಪ್ ಪ್ರೊಸೆಸರುಗಳ ತಾಪದ ಮಿತಿ 95ರಿಂದ 105 ಡಿಗ್ರಿ ಸೆಲ್ಸಿಯಸ್. ಅದಕ್ಕೆ ತಾಗಿದ ಕೂಡಲೇ ಅವು ತಮ್ಮ ವೇಗವನ್ನು ಇಳಿಸಿಕೊಂಡು ಜೀವ ಉಳಿಸಿಕೊಳ್ಳುತ್ತವೆ. ಫ್ಯಾನು ಜೋರಾಗಿ ಕಿರುಚುತ್ತಿದ್ದರೂ ಬದಿಯ ಕಿಂಡಿಯಲ್ಲಿ ಗಾಳಿಯೇ ಬರುತ್ತಿಲ್ಲವೆಂದರೆ ಕಾರಣ ಒಳಗಿದೆ. ಫ್ಯಾನಿಗೂ ತಾಮ್ರದ ತೆಳು ರೆಕ್ಕೆಗಳ ಸಾಲಿಗೂ ನಡುವೆ ಧೂಳು ವರ್ಷಗಟ್ಟಲೆ ಒತ್ತಿಕೊಂಡು ಕಂಬಳಿಯ ತುಂಡಿನಂಥ ಬೂದು ಪದರವಾಗಿರುತ್ತದೆ. ಚಿಮಟದಿಂದ ಹಿಡಿದು ಎಳೆದರೆ ಕೆಲವೊಮ್ಮೆ ಇಡೀ ಪದರ ಹರಿಯದೆ ಒಂದೇ ತುಂಡಾಗಿ ಬರುತ್ತದೆ. ಹೊರಗಿನಿಂದ ಬ್ಲೋವರ್ ಹಿಡಿದರೆ ಈ ಪದರ ಒಳಕ್ಕೇ ಸರಿಯುವುದರಿಂದ ಫ್ಯಾನಿನ ಮುಚ್ಚಳ ತೆಗೆದು ಸ್ವಚ್ಛ ಮಾಡುವುದೇ ಸರಿಯಾದ ದಾರಿ. ಗಾಳಿ ಊದುವಾಗ ಫ್ಯಾನಿನ ಎಲೆಗಳನ್ನು ಬೆರಳಿನಿಂದ ಹಿಡಿದು ನಿಲ್ಲಿಸಿ. ಮಿತಿಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ, ಮೋಟಾರು ಡೈನಮೊದಂತೆ ವಿದ್ಯುತ್ತನ್ನು ಬೋರ್ಡಿಗೆ ಹಿಂತಿರುಗಿಸುತ್ತದೆ.

ಧೂಳು ತೆಗೆದ ಮೇಲೂ ತಾಪ ಇಳಿಯದಿದ್ದರೆ ಮಾತ್ರ, ಪ್ರೊಸೆಸರಿನ ಬಿಸಿಯನ್ನು ಹೀಟ್‌ಸಿಂಕ್ ಎಂಬ ಲೋಹದ ಭಾಗಕ್ಕೆ ದಾಟಿಸುವ ಥರ್ಮಲ್ ಪೇಸ್ಟಿಗೆ ಕೈ ಹಾಕಿ. ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕದಲ್ಲಿ 1, 2, 3, 4 ಎಂದು ಬರೆದಿರುತ್ತದೆ. ಬಿಚ್ಚುವಾಗ ಹಿಂದುಮುಂದಾಗಿ, ಕೂರಿಸುವಾಗ ಅದೇ ಕ್ರಮದಲ್ಲಿ, ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಒಣಗಿದ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬೆಂಕಿಕಡ್ಡಿಯ ತಲೆಯಷ್ಟು ಹೊಸ ಪೇಸ್ಟನ್ನು ಪ್ರೊಸೆಸರ್ ಚಿಪ್ಪಿನ ನಡುಭಾಗದಲ್ಲಿ ಇಡಿ. ಪಕ್ಕದ ಸಣ್ಣ ಚಿಪ್ಪುಗಳ ಮೇಲೆ ಮೆತ್ತನೆಯ ಪ್ಯಾಡುಗಳಿದ್ದರೆ ಅವನ್ನು ಹಾಗೆಯೇ ಬಿಡಬೇಕು. ಅವುಗಳ ದಪ್ಪವನ್ನು ಪೇಸ್ಟು ತುಂಬಲಾರದು.

ಬ್ಯಾಟರಿ

ಕಮಾಂಡ್ ಪ್ರಾಂಪ್ಟಿನಲ್ಲಿ ‘ಪವರ್‌ಸಿಎಫ್‌ಜಿ’ ಎಂಬ ಆಜ್ಞೆಯನ್ನು ಇಂಗ್ಲಿಷಿನಲ್ಲಿ ಬರೆದು, ಒಂದು ಜಾಗ ಬಿಟ್ಟು, ಓರೆಗೆರೆ ಹಾಕಿ, ಅದಕ್ಕೆ ಅಂಟಿಸಿ ‘ಬ್ಯಾಟರಿರಿಪೋರ್ಟ್’ ಎಂದು ಒಂದೇ ಪದವಾಗಿ ಟೈಪ್ ಮಾಡಿದರೆ ಬ್ಯಾಟರಿಯ ಜಾತಕವೇ ಒಂದು ಪುಟವಾಗಿ ಸಿದ್ಧವಾಗುತ್ತದೆ. ಅದರಲ್ಲಿ ತಯಾರಾದಾಗಿನ ಸಾಮರ್ಥ್ಯವನ್ನೂ ಈಗ ಪೂರ್ತಿ ಚಾರ್ಜ್ ಆದಾಗಿನ ಸಾಮರ್ಥ್ಯವನ್ನೂ ಹೋಲಿಸಿ. ಈಗಿನದು ಅರ್ಧಕ್ಕಿಂತ ಕೆಳಗಿದ್ದರೆ ಬದಲಿಸುವ ಕಾಲ ಬಂದಿದೆ. ಬದಲಿ ಕೊಳ್ಳುವಾಗ ಮಿಲಿಆಂಪಿಯರ್ ಲೆಕ್ಕವನ್ನು ಒಂದನ್ನೇ ನೋಡದೆ ವ್ಯಾಟ್-ಅವರ್ ನೋಡಿ. ವೋಲ್ಟನ್ನು ಆಂಪಿಯರ್-ಅವರಿನಿಂದ ಗುಣಿಸಿದರೆ ಅದು ಸಿಗುತ್ತದೆ. 11.4 ವೋಲ್ಟ್, 4000 ಮಿಲಿಆಂಪಿಯರ್-ಅವರ್ ಎಂದು ಬರೆದ ಬ್ಯಾಟರಿಯಲ್ಲಿ 45.6 ವ್ಯಾಟ್-ಅವರ್ ಇರಬೇಕು. ಲೇಬಲ್ಲಿನ ಎರಡು ಅಂಕಿಗಳು ಪರಸ್ಪರ ತಾಳೆಯಾಗದಿದ್ದರೆ ಆ ಬ್ಯಾಟರಿಯನ್ನು ನಂಬಬೇಡಿ. ಸದಾ ಚಾರ್ಜರಿಗೆ ಸಿಕ್ಕಿಸಿಯೇ ಬಳಸುವವರು ತಯಾರಕರ ತಂತ್ರಾಂಶದಲ್ಲಿ ಚಾರ್ಜಿನ ಮಿತಿಯನ್ನು ಶೇಕಡಾ 80ಕ್ಕೆ ನಿಲ್ಲಿಸಿದರೆ ಲಿಥಿಯಂ ಕೋಶಗಳು ಹೆಚ್ಚು ಕಾಲ ಬಾಳುತ್ತವೆ.

ಟಚ್‌ಪ್ಯಾಡ್ ಮೇಲೆದ್ದು ಒತ್ತಲು ಬರುತ್ತಿಲ್ಲ, ಲ್ಯಾಪ್‌ಟಾಪು ಮೇಜಿನ ಮೇಲೆ ಸಮವಾಗಿ ಕೂರದೆ ಅಲುಗುತ್ತಿದೆ ಎಂದಾದರೆ ಬ್ಯಾಟರಿ ಊದಿಕೊಂಡಿರಬಹುದು. ಆ ಕ್ಷಣದಿಂದ ಅದನ್ನು ಚಾರ್ಜ್ ಮಾಡಬೇಡಿ. ಒತ್ತಿ ಚಪ್ಪಟೆ ಮಾಡಲು ಹೋಗುವುದಾಗಲಿ, ಚೂಪಾದ ಲೋಹದಿಂದ ಅಂಟು ಬಿಡಿಸುವುದಾಗಲಿ ಬೆಂಕಿಗೆ ದಾರಿ. ಈ ಒಂದು ಕೆಲಸವನ್ನು ಮಾತ್ರ ಅನುಭವವಿರುವವರಿಗೆ ಒಪ್ಪಿಸಿ. ತೆಗೆದ ಬ್ಯಾಟರಿಯನ್ನು ಮನೆಯ ಕಸಕ್ಕೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.

ಹೊಸ ಡಿಸ್ಕಿಗೆ ಯಾವ ವ್ಯವಸ್ಥೆ?

ಹಳೆಯ ಡಿಸ್ಕನ್ನು ಇದ್ದಂತೆಯೇ ಹೊಸದಕ್ಕೆ ನಕಲಿಳಿಸುವ ತಂತ್ರಾಂಶಗಳಿವೆ, ಕ್ಲೋನ್‌ಝಿಲ್ಲಾ ಅವುಗಳಲ್ಲಿ ಉಚಿತವಾದದ್ದು. ಆದರೂ ಹೊಸದಾಗಿ ಸ್ಥಾಪಿಸುವುದೇ ನನಗೆ ಇಷ್ಟ, ಏಕೆಂದರೆ ಐದು ವರ್ಷದ ಕಸವನ್ನು ವೇಗದ ಡಿಸ್ಕಿಗೆ ಸಾಗಿಸಿ ಪ್ರಯೋಜನವಿಲ್ಲ, ಕೆಟ್ಟ ಸೆಕ್ಟರುಗಳಿದ್ದ ಡಿಸ್ಕಿನಿಂದ ಮುರಿದ ಕಡತಗಳೂ ಜೊತೆಗೆ ಬರುತ್ತವೆ. 8 ಗಿಗಾಬೈಟಿನ ಪೆನ್‌ಡ್ರೈವಿನಲ್ಲಿ ಮೈಕ್ರೋಸಾಫ್ಟಿನ ಮೀಡಿಯಾ ಕ್ರಿಯೇಶನ್ ಟೂಲ್ ಬಳಸಿ ವಿಂಡೋಸ್ ಹಾಕಿಕೊಳ್ಳಬಹುದು. ವಿಂಡೋಸಿನ ಡಿಜಿಟಲ್ ಪರವಾನಗಿ ಮುಖ್ಯವಾಗಿ ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ, ಮೊದಲಿದ್ದ ಆವೃತ್ತಿಯನ್ನೇ ಹಾಕಿದರೆ ಡಿಸ್ಕು ಬದಲಾದರೂ ಅದು ಉಳಿಯುತ್ತದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಘಟಕ, ಸೆಕ್ಯೂರ್ ಬೂಟ್ ಎಂಬ ಭದ್ರತಾ ಸೌಲಭ್ಯ, ಮೈಕ್ರೋಸಾಫ್ಟಿನ ಪಟ್ಟಿಯಲ್ಲಿರುವ ಪ್ರೊಸೆಸರ್, ಕನಿಷ್ಠ 4 ಗಿಗಾಬೈಟ್ ರ‍್ಯಾಮ್, 64 ಗಿಗಾಬೈಟ್ ಜಾಗ ಇರಬೇಕು. ಟಿಪಿಎಂ ಇಲ್ಲವೆಂದು ತೋರಿಸಿದರೆ ಅಷ್ಟಕ್ಕೇ ಬಿಡದೆ ಬಯಾಸಿನೊಳಗೆ ನೋಡಿ, ಹಲವು ಯಂತ್ರಗಳಲ್ಲಿ ಅದು ಇದ್ದೂ ಆಫ್ ಆಗಿರುತ್ತದೆ. ಪ್ರೊಸೆಸರೇ ಪಟ್ಟಿಯಲ್ಲಿಲ್ಲದ, ಉಳಿದಂತೆ ಗಟ್ಟಿಮುಟ್ಟಾಗಿರುವ ಯಂತ್ರಗಳಿಗೆ, ವಿಂಡೋಸಿನ ಬದಲು ಬಳಸಬಹುದಾದ ಲಿನಕ್ಸ್ ಮಿಂಟ್‌ನಂಥ ಉಚಿತ ವ್ಯವಸ್ಥೆಯನ್ನು ನಾನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಅದನ್ನು ಪೆನ್‌ಡ್ರೈವಿನಿಂದಲೇ ಓಡಿಸಿ, ಡಿಸ್ಕಿಗೆ ಏನನ್ನೂ ಬರೆಯದೆ, ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರ್, ನಿಮ್ಮ ಲಿಪಿಯ ಟೈಪಿಂಗ್ ಎಲ್ಲವೂ ಸರಿಯಿವೆಯೇ ಎಂದು ಒಂದು ಸಂಜೆ ಕೂತು ಪರೀಕ್ಷಿಸಿ, ಸರಿಯಿದ್ದರೆ ಮಾತ್ರ ಸ್ಥಾಪಿಸಬಹುದು.

ಕೆಲವು ಯಂತ್ರಗಳಿಗೆ ಈ ಶ್ರಮ ಸಲ್ಲುವುದಿಲ್ಲ ಎಂಬುದನ್ನೂ ಹೇಳಬೇಕು. ರ‍್ಯಾಮ್ 4 ಗಿಗಾಬೈಟು ಬೆಸುಗೆಯಾಗಿದ್ದು, 32 ಅಥವಾ 64 ಗಿಗಾಬೈಟಿನ ಇಎಂಎಂಸಿ ಚಿಪ್ಪೇ ಡಿಸ್ಕಿನ ಜಾಗದಲ್ಲಿ ಬೋರ್ಡಿಗೆ ಅಂಟಿದ್ದರೆ ಬದಲಿಸಲು ಏನೂ ಉಳಿದಿರುವುದಿಲ್ಲ. ಹಿಂಜು ಮುರಿದು ಚೌಕಟ್ಟೇ ಸೀಳಿರುವ ಅಥವಾ ಮದರ್‌ಬೋರ್ಡ್ ನಿಜವಾಗಿ ಸುಟ್ಟಿರುವ ಯಂತ್ರದ ಮೇಲೂ ಹಣ ಹಾಕಬೇಡಿ.

ಎಲ್ಲ ಮುಗಿದ ಮೇಲೆ ಮೊದಲು ಬರೆದಿಟ್ಟ ಕಾಗದವನ್ನು ತೆಗೆದು, ಅದೇ ಟ್ಯಾಬುಗಳನ್ನೂ ಅದೇ ಕಡತವನ್ನೂ ತೆರೆದು ಮತ್ತೆ ಅಳೆಯಿರಿ, ಹೊಸ ಅಂಕಿಗಳನ್ನು ಹಳೆಯವುಗಳ ಪಕ್ಕದಲ್ಲಿ ದಿನಾಂಕದೊಂದಿಗೆ ಬರೆಯಿರಿ. ಹೊರತೆಗೆದ ಹಾರ್ಡ್ ಡಿಸ್ಕನ್ನು ಒಂದು ತಿಂಗಳು ಮುಟ್ಟದೆ ಎತ್ತಿಡಿ. ಬ್ಯಾಕಪ್ಪಿನಲ್ಲಿ ಏನೋ ಬಿಟ್ಟುಹೋಗಿದೆ ಎಂಬುದು ಎರಡನೆಯ ಮೂರನೆಯ ವಾರದಲ್ಲಿ ನೆನಪಾಗುವುದೇ ಹೆಚ್ಚು. ತಿಂಗಳಾದ ಮೇಲೆ, 05 ಮತ್ತು ಸಿ5 ಸಾಲುಗಳು ಸೊನ್ನೆ ಇದ್ದರೆ ಅದನ್ನು ಯುಎಸ್‌ಬಿ ಕವಚವೊಂದರಲ್ಲಿ ಹಾಕಿ ಬ್ಯಾಕಪ್ ಡಿಸ್ಕಾಗಿ ಬಳಸಿ, ಇಲ್ಲದಿದ್ದರೆ ಪೂರ್ತಿ ಡಿಸ್ಕಿನ ಮೇಲೆ ಒಮ್ಮೆ ಸೊನ್ನೆಗಳನ್ನು ಬರೆದು ಅಳಿಸಿ ಬ್ಯಾಟರಿ ಹೋದ ದಾರಿಯಲ್ಲೇ ಕಳುಹಿಸಿ.